ಒಂಬತ್ತನೇ ಕ್ಲಾಸಿನ ಮಕ್ಕಳ ಕಿವಿಯಲ್ಲಿ ಯಾವ ಊರಿದೆ?

ಗುರುವಾರ, ಕೊನೆಯ ಪೀರಿಯಡ್. ಒಂಬತ್ತನೇ ಕ್ಲಾಸ್. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ಐದೂವರೆ ಮನೆ ಶ್ರುತಿಗೆ, ಅಂದರೆ ಹೆಣ್ಣುಮಕ್ಕಳ ದನಿಗೆ ಹೊಂದುವ ಎತ್ತರಕ್ಕೆ ಇಟ್ಟು, ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಡುತ್ತಿದ್ದೆ. ಮುಂದಿನ ಬೆಂಚುಗಳ ಹೆಣ್ಣುಮಕ್ಕಳು ಚೆನ್ನಾಗಿ ಹಾಡುತ್ತಿದ್ದರು. ಹಿಂದಿನ ಬೆಂಚಿನ ಹುಡುಗರ ಬಾಯಿ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ಆ ಕಡೆಯಿಂದ ಬರುತ್ತಿದ್ದ ಶಬ್ದ ಒಂದೇ. ಯಾರೋ ಬೆರಳಿನಲ್ಲಿ ಬೆಂಚು ಬಡಿಯುತ್ತಿದ್ದರು.

"ಯಾರದು?" ಅಂದೆ. ಶಬ್ದ ನಿಂತುಹೋಯಿತು.

ಬೆಲ್ ಹೊಡೆದ ಮೇಲೆ ಆ ಹುಡುಗನನ್ನು ಕರೆದು ಏನು ಬಡೀತಿದ್ದೆ ಅಂತ ಕೇಳಿದೆ. "ಸುಮ್ನೆ ಮಿಸ್" ಅಂದ. ಮತ್ತೆ ಕೇಳಿದ್ದಕ್ಕೆ, "ಗಣಪತಿ ಬಿಡೋವಾಗ ನಮ್ಮ ಏರಿಯಾದಲ್ಲಿ ತಮಟೆ ಹೊಡೀತಾರಲ್ಲ, ಅದು" ಅಂದ. ಬಡಿದು ತೋರಿಸು ಅಂದೆ. ಬಲಗೈ ಬೆರಳುಗಳಲ್ಲಿ ತಕಿಟ ತಕಿಟ ಓಡುತ್ತಿತ್ತು. ಎಡಗೈ ಅಂಗೈ ಮಧ್ಯೆ ಮಧ್ಯೆ ಭಾರವಾಗಿ ಬೀಳುತ್ತಿತ್ತು. ನಾಲ್ಕು ಸುತ್ತು ಆದ ಮೇಲೆ ಒಂದು ಕಡೆ ಏಟು ಹಾಕದೆ ಖಾಲಿ ಬಿಟ್ಟ. ಆ ಖಾಲಿ ಜಾಗಕ್ಕೆ ಸರಿಯಾಗಿ ತಲೆ ಆಡಿಸಿ, ಮತ್ತೆ ಶುರು ಮಾಡಿದ. ಅದು ಮೂರು ಮೂರು ಎಣಿಕೆಯ ತಿಸ್ರ ನಡೆ. ಸಂಗೀತದ ಮನೆಪಾಠಕ್ಕೆ ಬರುವ ಮಕ್ಕಳಿಗೆ ಅದನ್ನು ಕೈಗೆ ಹತ್ತಿಸಲು ನನಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ಗೊತ್ತಿದ್ದ ಹುಡುಗ ನನ್ನ ಸಂಗೀತದ ಕ್ಲಾಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಈ ಲೇಖನ ಬರೆಯಲು ಕಾರಣ ಅದೇ.

ಈಗ ಈ ಮಾತು ಯಾಕೆ ಮುಖ್ಯ ಅಂದರೆ, ಹೈಸ್ಕೂಲಿನಲ್ಲಿ ಸಂಗೀತ ಏನಾಗಬೇಕು ಅನ್ನುವುದು ದೇಶದ ಮಟ್ಟದಲ್ಲಿ ಹೊಸದಾಗಿ ತೀರ್ಮಾನ ಆಗುತ್ತಿದೆ. 2023ರ ಆಗಸ್ಟ್‌ನಲ್ಲಿ ಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣವನ್ನು ಒಂದು ಪೂರ್ಣ ವಿಷಯ ಅಂತ ಎಣಿಸಿತು. ಒಂಬತ್ತು ಮತ್ತು ಹತ್ತನೇ ತರಗತಿಯಲ್ಲೂ ಅದು ಎಲ್ಲರಿಗೂ ಇರಬೇಕು ಎಂದಿತು. 2024ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಆರನೇ ಕ್ಲಾಸಿಗೆ 'ಕೃತಿ' ಎಂಬ ಕಲಾ ಪುಸ್ತಕ ತಂದಿತು. ಅದರಲ್ಲಿ ಚಿತ್ರ, ನಾಟಕ, ಸಂಗೀತ, ನೃತ್ಯ ನಾಲ್ಕೂ ಇವೆ. ಕರ್ನಾಟಕ ತನ್ನದೇ ದಾರಿ ಹಿಡಿಯಿತು. 2023ರ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಯಾವ ನೀತಿ ಗೆದ್ದರೂ ಒಂದು ಪದ ಎಲ್ಲ ಕಡೆ ಬರುತ್ತದೆ: ಸ್ಥಳೀಯ. ಸ್ಥಳೀಯ ಕಲೆ, ಸ್ಥಳೀಯ ಸಂಪನ್ಮೂಲ, ಸ್ಥಳೀಯ ಸಂಸ್ಕೃತಿ. ಕೇಳಲು ಚೆನ್ನಾಗಿದೆ. ಆದರೆ ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ, ನಲವತ್ತು ನಿಮಿಷದ ಪೀರಿಯಡ್‌ನಲ್ಲಿ, ಆ ಪದಕ್ಕೆ ಅರ್ಥ ಏನು?

ಸಾಮಾನ್ಯವಾಗಿ ಅದರ ಅರ್ಥ ಇಷ್ಟೇ ಆಗುತ್ತದೆ: ಒಂದು ಜನಪದ ಗೀತೆ ಸೇರಿಸಿ. ರಾಜ್ಯೋತ್ಸವಕ್ಕೆ ಒಂದು, ಶಾಲಾ ವಾರ್ಷಿಕೋತ್ಸವಕ್ಕೆ ಒಂದು. ಯೂಟ್ಯೂಬಿನಿಂದ ಟ್ರ್ಯಾಕ್ ಇಳಿಸಿಕೊಂಡು, ಮಕ್ಕಳಿಗೆ ಪಂಚೆ ಉಡಿಸಿ, ತಲೆಗೆ ರುಮಾಲು ಸುತ್ತಿ ವೇದಿಕೆ ಮೇಲೆ ನಿಲ್ಲಿಸುವುದು. ಕೆಲವು ವರ್ಷದ ಹಿಂದೆ ಒಂದು ಮಕ್ಕಳ ಸ್ಪರ್ಧೆಗೆ ತೀರ್ಪು ಕೊಡಲು ಹೋಗಿದ್ದೆ. ವಿಭಾಗದ ಹೆಸರು ಜನಪದ ಗೀತೆ. ಒಂದೇ ಬೆಳಿಗ್ಗೆ ಐದು ಮಕ್ಕಳು ಒಂದೇ ಹಾಡು ಹಾಡಿದರು. ಅದೂ ಒಂದೇ ರೆಕಾರ್ಡಿಂಗ್‌ನಿಂದ ಕಲಿತಿದ್ದರು. ಗಾಯಕರು ಉಸಿರು ತೆಗೆದುಕೊಂಡ ಜಾಗದಲ್ಲೇ ಐವರೂ ಉಸಿರು ತೆಗೆದುಕೊಂಡರು. ನಡುವೆ ಕೊಳಲಿನ ಬಿಟ್ ಬರುವ ಕಡೆ ಐವರೂ ಅಷ್ಟೇ ಹೊತ್ತು ಸುಮ್ಮನೆ ನಿಂತರು, ಅಲ್ಲಿ ಕೊಳಲು ಇರಲೇ ಇಲ್ಲ. ಈ ಹಾಡು ಯಾವ ಕಡೆಯದು, ಯಾವಾಗ ಹಾಡ್ತಾರೆ ಅಂತ ಕೇಳಿದೆ. ಒಬ್ಬಳು ಮಾತ್ರ ಉತ್ತರ ಕೊಟ್ಟಳು: "ಫಂಕ್ಷನ್‌ನಲ್ಲಿ."

ಮಕ್ಕಳದ್ದು ತಪ್ಪಿಲ್ಲ. ಅವರಿಗೆ ಕೊಟ್ಟದ್ದೇ ಅದು. ಬೀಸುವ ಪದ ಕಲ್ಲಿನ ಸುತ್ತಿಗೆ ಹೊಂದಿ ಬೆಳೆದದ್ದು. ಸೋಬಾನೆಯನ್ನು ಒಬ್ಬರು ಎತ್ತಿಕೊಟ್ಟು, ಉಳಿದವರು ಹಿಡಿಯುತ್ತಾರೆ. ಮದುವೆ ಮನೆಯಲ್ಲಿ ಸೊಲ್ಲು ಎಷ್ಟು ಬೇಕಾದರೂ ಬೆಳೆಯುತ್ತದೆ, ಶಾಸ್ತ್ರ ಮುಗಿಯುವ ತನಕ. ಅಂಥ ಹಾಡನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ, ಕೀಬೋರ್ಡ್ ಸೇರಿಸಿ, ಒಬ್ಬ ಸೋಲೋ ಗಾಯಕರ ದನಿಯಲ್ಲಿ ಕೊಟ್ಟಾಗ ಉಳಿಯುವುದು ಧಾಟಿ ಒಂದೇ. ಕೂಡಿ ಹಾಡುವುದು ಹೋಯಿತು, ಅಲ್ಲೇ ಸಾಲು ಕಟ್ಟುವುದು ಹೋಯಿತು. ಶಾಲೆಗೆ ನಿಜವಾಗಿ ಬೇಕಾಗಿದ್ದ ಎರಡೂ ಅವೇ ಅಲ್ವಾ?

ಹಾಗಾಗಿ ನನ್ನ ಮಾತು ಇದು. ಸಂಗೀತದಲ್ಲಿ ಸ್ಥಳೀಯ ಪಾಠ ಅಂದರೆ ಹಾಡುಗಳ ಪಟ್ಟಿ ಅಲ್ಲ. ಮಗುವಿನ ಕಿವಿಗೂ ಗಂಟಲಿಗೂ ಈಗಾಗಲೇ ಏನು ಗೊತ್ತಿದೆಯೋ ಅಲ್ಲಿಂದ ಪಾಠ ಶುರು ಮಾಡುವುದು. ಅದನ್ನು ಮೇಲಿನಿಂದ ಅಚ್ಚು ಹಾಕಿ ಕಳಿಸಲು ಬರುವುದಿಲ್ಲ. ಬಹುಪಾಲು ಆಯಾ ಶಾಲೆಯಲ್ಲೇ ತಯಾರಾಗಬೇಕು.

ಮೊದಲು ಗಂಟಲಿನ ವಿಷಯ. ಇದನ್ನು ಯಾವ ಸುತ್ತೋಲೆಯಲ್ಲೂ ನಾನು ಓದಿಲ್ಲ. ಹೈಸ್ಕೂಲು ಅಂದರೆ ನಮ್ಮಲ್ಲಿ ಎಂಟು, ಒಂಬತ್ತು, ಹತ್ತು. ಹುಡುಗರ ದನಿ ಒಡೆಯುವ ವಯಸ್ಸು ಅದೇ. ಗಂಟಲಗೂಡು ಬೆಳೆದು, ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಸ ದಿಂದ ಕೆಳಗಿನ ಸ ವರೆಗಿನಷ್ಟು, ಕೆಳಗೆ ಇಳಿಯುತ್ತದೆ. ಇಳಿಯುವ ಆ ತಿಂಗಳುಗಳಲ್ಲಿ ದನಿ ಎಲ್ಲಿ ಜಾರುತ್ತದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಅಷ್ಟು ದೂರ ಹೋಗುವುದಿಲ್ಲ. ಐದೂವರೆ ಮನೆ ಶ್ರುತಿಯಲ್ಲಿ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ, ಹೋಗು ಅಂದರೆ ಹದಿನಾಲ್ಕರ ಹುಡುಗ ಕಿರುಚಬೇಕು, ಇಲ್ಲ ಬಾಯಿ ಮುಚ್ಚಿಕೊಳ್ಳಬೇಕು. ಕ್ಲಾಸಿನ ಮುಂದೆ ಯಾರು ಕಿರುಚುತ್ತಾರೆ? ಬಾಯಿ ಮುಚ್ಚಿಕೊಳ್ಳುತ್ತಾನೆ. ಒಂದನೇ ಮನೆಗೆ ಇಳಿಸಿದರೆ ಹುಡುಗಿಯರ ದನಿ ತಳ ಮುಟ್ಟುತ್ತದೆ. ಈ ತೊಂದರೆ ತಿಳಿಯದೆ ನಾನು ಎಷ್ಟೋ ವರ್ಷ "ಈ ಹುಡುಗರಿಗೆ ಆಸಕ್ತಿ ಇಲ್ಲ" ಅಂದುಕೊಂಡಿದ್ದೆ.

ನಮ್ಮ ಅನೇಕ ಜನಪದ ಧಾಟಿಗಳು ನಾಲ್ಕೈದು ಸ್ವರದೊಳಗೇ ಓಡಾಡುತ್ತವೆ. ಕೆಲಸ ಮಾಡುತ್ತಾ ಹಾಡುವವರು, ಮುದುಕರು, ಮಕ್ಕಳು ಎಲ್ಲರೂ ಒಟ್ಟಿಗೆ ಹಾಡಬೇಕಾದ್ದರಿಂದ ಅವು ಹಾಗೆ ಬೆಳೆದಿವೆ. ದನಿ ಒಡೆದ ಹುಡುಗನಿಗೂ ಅಷ್ಟು ಜಾಗ ಸಾಕು. ಎತ್ತಿಕೊಡುವವರು ಒಂದು ಶ್ರುತಿಯಲ್ಲಿ, ಹಿಡಿಯುವವರು ಕೆಳಗಿನ ಸ್ಥಾಯಿಯಲ್ಲಿ ಹಾಡಿದರೂ ಹಾಡು ಕೆಡುವುದಿಲ್ಲ. ಜನಪದ ಧಾಟಿಯನ್ನು ನಾನು ಕ್ಲಾಸಿಗೆ ತರುವುದು ಮೊದಲಿಗೆ ಈ ಕಾರಣಕ್ಕೆ. ಸಂಸ್ಕೃತಿ ಉಳಿಸಬೇಕು ಅನ್ನುವ ಮಾತು ಆಮೇಲೆ. ಮೊದಲು ಆ ಹುಡುಗ ಬಾಯಿ ಬಿಡಬೇಕು.

ಇನ್ನು ನಮಗೆ ತುಂಬಾ ಹತ್ತಿರ ಇದ್ದೂ ನಾವು ಮುಟ್ಟದ ಒಂದು ಗಂಟು ಇದೆ. ಪಕ್ಕದ ಪೀರಿಯಡ್‌ನಲ್ಲೇ ಇದೆ. ಕನ್ನಡ ಪಾಠದ ಛಂದಸ್ಸು.

ಎಸ್ಸೆಸ್ಸೆಲ್ಸಿ ಬರೆದವರಿಗೆಲ್ಲ ಈ ಪ್ರಶ್ನೆ ನೆನಪಿರುತ್ತದೆ: ಈ ಪದ್ಯಕ್ಕೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ. ಮಕ್ಕಳು ಅಕ್ಷರದ ಮೇಲೆ ಲಘು ಗುರು ಗುರುತು ಹಾಕಿ, ಗೆರೆ ಎಳೆದು, ಭಾಮಿನಿ ಷಟ್ಪದಿ ಅಂತ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಬಾಯಲ್ಲಿ ಹೇಳಿ ನೋಡುವವರು ಕಮ್ಮಿ. ಭಾಮಿನಿಯ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಲ್ಲಿ ನಡೆಯುತ್ತದೆ. ತಕಿಟ ತಕಧಿಮಿ, ತಕಿಟ ತಕಧಿಮಿ. ಸಂಗೀತದ ಮಿಶ್ರ ಛಾಪು ತಾಳದ ಎಣಿಕೆಯೂ ಇದೇ, ಮೂರು ಮತ್ತು ನಾಲ್ಕು ಸೇರಿ ಏಳು. ವಾರ್ಧಕ ಷಟ್ಪದಿ ಐದೈದು ಮಾತ್ರೆ, ಖಂಡ ನಡೆ. ಶರ ನಾಲ್ಕು ನಾಲ್ಕು, ಭೋಗ ಮೂರು ಮೂರು. ಅಂದರೆ ತಿಸ್ರ, ಚತುರಶ್ರ, ಖಂಡ, ಮಿಶ್ರ ಎಲ್ಲವೂ ಕನ್ನಡ ಪುಸ್ತಕದ ವ್ಯಾಕರಣ ಭಾಗದಲ್ಲಿ ಕೂತಿವೆ. ಅಲ್ಲಿಯೂ ಅವಕ್ಕೆ ದನಿ ಇಲ್ಲ, ಸಂಗೀತದ ಕ್ಲಾಸಿಗೂ ಅವು ಬರುವುದಿಲ್ಲ.

ಒಂದು ಸಲ ಕನ್ನಡ ಮೇಷ್ಟ್ರ ಪೀರಿಯಡ್ ಕೇಳಿಕೊಂಡು ನಾವಿಬ್ಬರೂ ಸೇರಿ ಪಾಠ ಮಾಡಿದೆವು. ಮಕ್ಕಳಿಗೆ ಹೇಳಿದ್ದು ಇಷ್ಟೇ: ಇವತ್ತು ಬೆಳಿಗ್ಗೆ ಶಾಲೆಗೆ ಹೇಗೆ ಬಂದಿರಿ, ಅದನ್ನು ತಕಿಟ ತಕಧಿಮಿಗೆ ಕೂರಿಸಿ. ಎಲ್ಲರೂ ಕೈ ತಟ್ಟುತ್ತಾ, ಕೂಗುತ್ತಾ, ಪದ ಬದಲಾಯಿಸುತ್ತಾ ಅರ್ಧ ಗಂಟೆಯಲ್ಲಿ ಅರ್ಧ ಪದ್ಯ ಕಟ್ಟಿದರು.

ಬಸ್ಸು ಬಂದಿತು ಸೀಟು ಸಿಕ್ಕದೆ
ನಿಂತೆ ಬಂದೆನು ಶಾಲೆವರೆಗೂ
ಗಂಟೆ ಹೊಡೆಯಲು ಓಡಿ ಹೋದೆನು ಬೆವರು ಸುರಿಸುತ ನಾ

ಆದಿಪ್ರಾಸ ಕೂಡಿಲ್ಲ ಅಂತ ಮೇಷ್ಟ್ರು ಹೇಳಿದರು, ಅದು ನಿಜ. ಮಾತ್ರೆ ಮಾತ್ರ ಒಂದೂ ತಪ್ಪಿಲ್ಲ. ಮೊದಲೆರಡು ಸಾಲು ಹದಿನಾಲ್ಕು, ಮೂರನೆಯದು ಇಪ್ಪತ್ತಮೂರು, ಭಾಮಿನಿಗೆ ಬೇಕಾದದ್ದೂ ಅಷ್ಟೇ. "ಸೀಟು ಸಿಕ್ಕಿಲ್ಲ" ಅಂದರೆ ಯಾಕೆ ಎಡವುತ್ತದೆ ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತಾಯಿತು, ತಟ್ಟುವ ಕೈ ಒಂದು ಏಟು ಹಿಂದೆ ಬಿತ್ತು. ಆಮೇಲೆ ಪಠ್ಯದ ಕುಮಾರವ್ಯಾಸನನ್ನು ತೆಗೆದಾಗ ಯಾರೂ ಪ್ರಸ್ತಾರ ಹಾಕಲು ಪೆನ್ಸಿಲ್ ಹುಡುಕಲಿಲ್ಲ. ಓದುತ್ತಲೇ ಭಾಮಿನಿ ಅಂದರು.

ಇಲ್ಲಿಂದ ಗಮಕಕ್ಕೆ ಒಂದೇ ಹೆಜ್ಜೆ. ಗಮಕಿ ಕಾವ್ಯವನ್ನು ರಾಗದಲ್ಲಿ ಓದುತ್ತಾರೆ, ತಾಳ ಹಾಕುವುದಿಲ್ಲ, ಅರ್ಥಕ್ಕೆ ತಕ್ಕಂತೆ ಪದ ಒಡೆಯುತ್ತಾರೆ. ಕೈ ತಟ್ಟಿ ಕಲಿಯುವುದು ಮೊದಲ ಮೆಟ್ಟಿಲು ಅಷ್ಟೆ. ಶಿವಮೊಗ್ಗ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗಮಕ ಅಂದರೆ ಏನು ಅಂತ ಗೊತ್ತಿತ್ತು? ಬೆಂಗಳೂರಿನಲ್ಲಿ ಗಮಕ ಕಲಾ ಪರಿಷತ್ತು ಇದೆ, ಕಲಿಸುವವರು ಇದ್ದಾರೆ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಕುಮಾರವ್ಯಾಸ, ಲಕ್ಷ್ಮೀಶ ಇಬ್ಬರೂ ಇದ್ದಾರೆ, ಹಲಗಲಿ ಬೇಡರ ಲಾವಣಿಯೂ ಇದೆ. ಲಾವಣಿ ಅಂದರೆ ಡಪ್ಪು, ತುಂತುಣಿ ಹಿಡಿದು ಜನರ ಮಧ್ಯೆ ನಿಂತು ಹಾಡುವಂಥದ್ದು. ಅದನ್ನು ಗದ್ಯದ ಹಾಗೆ ಓದಿಸಿ, ಕಠಿಣ ಪದಗಳ ಅರ್ಥ ಬರೆಸಿ ಮುಗಿಸುತ್ತೇವೆ. ಹೊಸ ಪುಸ್ತಕ ಅಚ್ಚು ಹಾಕಿಸುವ ಮೊದಲು ಇರುವ ಪುಸ್ತಕವನ್ನು ಹಾಡಿಸಬಹುದಲ್ಲ?

ಈಗ ಕಷ್ಟದ ಪ್ರಶ್ನೆಗೆ ಬರೋಣ. ಬೆಂಗಳೂರಿನಲ್ಲಿ ಸ್ಥಳೀಯ ಅಂದರೆ ಯಾವುದು?

ಹಂಗೇರಿಯ ಝೋಲ್ಟಾನ್ ಕೊಡಾಯ್ ಕಳೆದ ಶತಮಾನದ ಶುರುವಿನಲ್ಲಿ ಗೆಳೆಯ ಬೇಲಾ ಬಾರ್ಟೋಕ್ ಜೊತೆ ಹಳ್ಳಿಹಳ್ಳಿ ತಿರುಗಿ ಹಾಡು ಸಂಗ್ರಹಿಸಿದರು. ಮುಂದೆ ಅದರ ಮೇಲೇ ಶಾಲೆಯ ಸಂಗೀತ ಪಾಠ ಕಟ್ಟಿದರು. ಮಗು ಮಾತು ಕಲಿಯುವುದು ತಾಯಿನುಡಿಯಲ್ಲಿ, ಸಂಗೀತಕ್ಕೂ ಒಂದು ತಾಯಿನುಡಿ ಇದೆ, ಅದು ಜನಪದ ಹಾಡು ಅನ್ನುವುದು ಅವರ ನಂಬಿಕೆ. ನನಗೆ ಆ ವಿಚಾರ ತುಂಬಾ ಇಷ್ಟ. ಆದರೆ ಕ್ಲಾಸಿಗೆಲ್ಲ ಒಂದೇ ತಾಯಿನುಡಿ ಇದ್ದರೆ ಅದು ಸುಲಭ. ನನ್ನ ಕ್ಲಾಸಿನ ಒಂದು ಬೆಂಚು ನೋಡಿ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ, ಮನೆಯಲ್ಲಿ ತೆಲುಗು ಆಡುವ ಕೋಲಾರದ ಕಡೆಯ ಹುಡುಗ, ಮೂರು ತಲೆಮಾರಿನಿಂದ ಇಲ್ಲೇ ಇರುವ ತಮಿಳು ಮನೆಯವನು. ಪಕ್ಕದ ಬೆಂಚಿನಲ್ಲಿ ದಖನಿ ಉರ್ದು ಆಡುವ ಇಬ್ಬರು ಹುಡುಗಿಯರು. ಅವರ ಹಿಂದೆ ಲಂಬಾಣಿ ತಾಂಡಾದಿಂದ ಬಂದವಳು. ಕನ್ನಡ ಇವರೆಲ್ಲರಿಗೂ ಬರುತ್ತದೆ, ಅದು ಶಾಲೆಯನ್ನು ಕಟ್ಟಿ ಹಿಡಿದಿರುವ ಭಾಷೆ. ಮನೆಯ ಹಾಡು ಮಾತ್ರ ಬೇರೆ ಬೇರೆ. ಹಳೇ ಮೈಸೂರಿನ ಒಂದು ಜನಪದ ಗೀತೆ ತಂದು "ಇದು ನಿಮ್ಮದು" ಅಂದರೆ ಅರ್ಧ ಮಕ್ಕಳಿಗೆ ಅದೂ ಮುಂಬೈ ಸಿನಿಮಾ ಹಾಡಿನಷ್ಟೇ ದೂರ.

ಅದಕ್ಕೆ ನಾನು ಹಾಡು ತರುವುದನ್ನು ಬಿಟ್ಟು, ಹಾಡು ತನ್ನಿ ಅಂತ ಮಕ್ಕಳಿಗೆ ಹೇಳಲು ಶುರು ಮಾಡಿದೆ. ದಸರಾ ರಜೆಗೆ ಕೆಲಸ: ಮನೆಯ ಹಿರಿಯರಲ್ಲಿ ಯಾರಾದರೂ ಒಬ್ಬರ ಹತ್ತಿರ ಒಂದು ಹಾಡು ಕೇಳಿ, ಅವರನ್ನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಜೊತೆಗೆ ನಾಲ್ಕು ಮಾತು ಬರೆಯಿರಿ. ಎಲ್ಲಿ ಕಲಿತರು, ಯಾವಾಗ ಹಾಡುತ್ತಿದ್ದರು, ಯಾರು ಯಾರು ಸೇರುತ್ತಿದ್ದರು, ಈಗ ಯಾಕೆ ಹಾಡುವುದಿಲ್ಲ.

ಯಾದಗಿರಿ ಹುಡುಗ ತಂದದ್ದು ಮೊಹರಂ ಪದ. ಬೆಂಕಿಗುಂಡಿಯ ಸುತ್ತ ಅಲಾಯಿ ಕುಣಿಯೋವಾಗ ಹಾಡುವುದು, ಅವರ ಊರಲ್ಲಿ ಹಾಡುವವರು ಎಲ್ಲ ಜಾತಿಯವರು. ಅವನ ಅಪ್ಪ ಹಾಡಿದ್ದರು. ರೆಕಾರ್ಡಿಂಗ್‌ನಲ್ಲಿ ಕುಕ್ಕರ್ ಕೂಗುವುದೂ ಕೇಳುತ್ತಿತ್ತು. ಕ್ಲಾಸಿನಲ್ಲಿ ಹಾಕಿದಾಗ ಮೊದಲು ಕೆಲವರು ನಕ್ಕರು. ಎರಡನೇ ಸಲ ಹಾಕಿ, ಹಾಡು ಎಲ್ಲಿ ತಿರುಗಿ ಮೊದಲಿಗೆ ಬರುತ್ತದೆ ನೋಡಿ ಅಂದೆ. ಮೂರನೇ ಸಲಕ್ಕೆ ತಮಿಳು ಮನೆಯ ಹುಡುಗ, "ಮಿಸ್, ಇದು ನಮ್ಮ ಅಮ್ಮನ್ ಪಾಟ್ಟು ಥರಾನೇ ಕೆಳಗೆ ಇಳಿದು ನಿಲ್ಲುತ್ತೆ" ಅಂದ. ಅಮ್ಮನ್ ಪಾಟ್ಟು ಅಂದರೆ ದೇವಿಯ ಹಾಡು. ಇಬ್ಬರೂ ತಮ್ಮ ತಮ್ಮದನ್ನು ಗುನುಗಿ ನೋಡಿದರು. ಇಳಿಯುವ ಜಾಗ ಒಂದೇ ಇತ್ತು. ಸ್ವರ ಗುರುತಿಸುವುದು, ಚರಣ ಎಲ್ಲಿ ಪಲ್ಲವಿಗೆ ಸೇರುತ್ತದೆ ಅಂತ ಕೇಳುವುದು, ಎರಡು ಧಾಟಿ ಹೋಲಿಸುವುದು, ಪಠ್ಯಕ್ರಮ ಕೇಳುವುದು ಇದನ್ನೇ. ಅಚ್ಚಾದ ಯಾವ ಪುಸ್ತಕವೂ ಆ ಎರಡು ಹಾಡನ್ನು ಒಂದೇ ಪುಟದಲ್ಲಿ ಇಡುತ್ತಿರಲಿಲ್ಲ.

ಎಲ್ಲ ಹಾಡೂ ಹಾಗೇ ಕ್ಲಾಸಿಗೆ ಬರುವಂತಿಲ್ಲ ಅನ್ನುವುದೂ ನಿಜ. ಸೊಸೆಯನ್ನು ಬೈಯುವ, ಒಂದು ಜಾತಿಯನ್ನು ಹೀಯಾಳಿಸುವ ಸಾಲುಗಳು ಹಳೇ ಹಾಡುಗಳಲ್ಲಿ ಇವೆ. ಚಿಕ್ಕ ಮಕ್ಕಳಾದರೆ ಬಿಟ್ಟುಬಿಡಬಹುದು. ಹೈಸ್ಕೂಲ್ ಮಕ್ಕಳ ಜೊತೆ ಆ ಸಾಲನ್ನು ಮುಂದಿಟ್ಟುಕೊಂಡು ಮಾತಾಡುವುದು ಮೇಲು ಅಂತ ನನ್ನ ಅನುಭವ.

ಜಾತಿಯ ಮಾತು ಬಂತಲ್ಲ, ತಮಟೆಗೆ ವಾಪಸ್ ಹೋಗೋಣ. ಬೆಂಚು ಬಡಿದ ಹುಡುಗನ ನಂತರ ತಮಟೆಯನ್ನೇ ಕ್ಲಾಸಿಗೆ ತರೋಣ ಅಂತ ಹೊರಟೆ. ಶಾಲೆಗೆ ಹತ್ತಿರದ ಬಡಾವಣೆಯ ಕಲಾವಿದರೊಬ್ಬರು ಒಪ್ಪಿದರು. ಆಗ ಸ್ಟಾಫ್ ರೂಮಿನಲ್ಲಿ ಒಬ್ಬರು, "ಅದು ಹೆಣದ ಮುಂದೆ ಹೊಡೆಯೋದಲ್ವಾ, ಶಾಲೆಗೆ ಯಾಕೆ?" ಅಂದರು. ಅದಕ್ಕಿಂತ ನೋವಾದದ್ದು ಇನ್ನೊಂದು. ನಾನು ಬಹಳ ಉತ್ಸಾಹದಿಂದ ಕೇಳಿದ ಒಬ್ಬ ಹುಡುಗ ತಲೆ ತಗ್ಗಿಸಿ, "ನಾನು ಹೊಡೆಯಲ್ಲ ಮಿಸ್, ನಮ್ಮಪ್ಪ ಬೇಡ ಅಂದಿದ್ದಾರೆ" ಅಂದ. ಅವನ ತಾತ ಊರಿನಲ್ಲಿ ತಮಟೆ ಹೊಡೆಯಲೇಬೇಕಿತ್ತು. ಬೇಡ ಅನ್ನುವ ಹಕ್ಕು ಅವರಿಗೆ ಇರಲಿಲ್ಲ. ಆ ಮನೆ ಬೆಂಗಳೂರಿಗೆ ಬಂದದ್ದೇ ಅದನ್ನು ಬಿಡಲು. ನಮ್ಮ ಹೆಮ್ಮೆಯ ಸ್ಥಳೀಯ ಕಲೆ ಅಂತ ನಾವು ಮಾತಾಡುವಾಗ ಈ ಅಪ್ಪನ ಮಾತು ನೆನಪಿರಬೇಕು. ಯಾವ ಮಗುವಿಗೂ ಅದರ ಮನೆಯ ವಾದ್ಯವನ್ನು ಗಂಟು ಹಾಕಬಾರದು. ತಮಟೆ ಬಂದರೆ ಇಡೀ ಕ್ಲಾಸಿಗೆ ಬರಬೇಕು, ಎಲ್ಲರೂ ಕಲಿಯಬೇಕು, ಹುಡುಗಿಯರೂ.

ಜೊತೆಗೆ ಕಥೆಯನ್ನು ಪೂರ್ತಿ ಹೇಳಬೇಕು. 70ರ ದಶಕದಲ್ಲಿ ದಲಿತ ಚಳವಳಿ ಎದ್ದಾಗ ಹೋರಾಟದ ಹಾಡುಗಳ ಜೊತೆ ಇದೇ ತಮಟೆ ಬೀದಿಗೆ ಬಂತು, ಅವಮಾನದ ಗುರುತಾಗಿದ್ದದ್ದು ದನಿಯಾಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕೇ ಪದ್ಮಶ್ರೀ ಬಂತು. ಬೆಂಗಳೂರಿನಿಂದ ಅದು ಎಷ್ಟು ದೂರ? ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು.

ಕೊನೆಗೆ ಆ ಕಲಾವಿದರು ಬಂದರು. ಮೊದಲು ಮಾಡಿದ್ದು, ಮೈದಾನದ ಮೂಲೆಯಲ್ಲಿ ಕಾಗದ, ಒಣಹುಲ್ಲು ಹಾಕಿ ಬೆಂಕಿ ಮಾಡಿ ತಮಟೆ ಕಾಯಿಸಿದ್ದು. ಕಾಯಿಸುವ ಮೊದಲು ಒಂದು ಏಟು ಹೊಡೆದು ತೋರಿಸಿದರು, ದಪ್ಪ್ ಅಂತ ಮಂಕಾಗಿತ್ತು. ಚರ್ಮವನ್ನು ಉರಿಗೆ ಒಡ್ಡಿ ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ಕೇಳುತ್ತಾ ಹೋದರು. ಎರಡು ಮೂರು ನಿಮಿಷಕ್ಕೆ ದನಿ ಏರಿ ಠಣ್ ಅನ್ನತೊಡಗಿತು. ಒಬ್ಬಳು ಹುಡುಗಿ, "ಬಿಗಿ ಆದಷ್ಟೂ ಸ್ವರ ಎತ್ತರ, ವಿಜ್ಞಾನ ಪಾಠದಲ್ಲಿ ಬರುತ್ತಲ್ಲ" ಅಂದಳು. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ, ಎರಡಕ್ಕೂ ಬೇರೆ ಬೇರೆ ಕೆಲಸ. ಅಂದಿನ ಪೀರಿಯಡ್ ಬೆಲ್ ಹೊಡೆದರೂ ಮುಗಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಪ್ರಶ್ನೆ ಕೇಳಿದವರು ಕಾರಿಡಾರಿನಲ್ಲಿ ನಿಂತು ಕಡೆಯ ತನಕ ನೋಡಿದರು.

ಆ ಕಲಾವಿದರಿಗೆ ಏನು ಕೊಟ್ಟೆವು ಅನ್ನುವುದನ್ನೂ ಹೇಳಬೇಕು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ನಮ್ಮ ಪದ್ಧತಿ. ಒಂದು ದಿನದ ಕೆಲಸ ಬಿಟ್ಟು ಬಂದವರಿಗೆ ಅದು ಸಾಲುವುದಿಲ್ಲ. ನಾವು ಶಿಕ್ಷಕರು ಕೈಯಿಂದ ಹಾಕಿ ಸಂಭಾವನೆ ಕೊಟ್ಟೆವು, ಯಾಕೆಂದರೆ ಶಾಲೆಯ ಲೆಕ್ಕದಲ್ಲಿ ಅದಕ್ಕೆ ಬಾಬತ್ತೇ ಇಲ್ಲ. ಸ್ಥಳೀಯ ಕಲೆ ಶಾಲೆಗೆ ಬರಬೇಕು ಅನ್ನುವ ನೀತಿ ಕಲಾವಿದರ ಸಂಭಾವನೆಗೆ ಒಂದು ಸಾಲು ಬರೆಯದಿದ್ದರೆ ಅದು ನೀತಿ ಅಲ್ಲ, ಆಸೆ ಅಷ್ಟೆ.

ಊರೂ ಒಂದು ಪಾಠವೇ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಪ್ರತಿ ವರ್ಷ ರಾಮನವಮಿಗೆ ಸುಮಾರು ಒಂದು ತಿಂಗಳು ಸಂಗೀತ ಕಛೇರಿಗಳು ನಡೆಯುತ್ತವೆ. 1939ರಲ್ಲಿ ಶುರುವಾದ ಉತ್ಸವ, ಈಗ ನಡೆಯುವುದು ಒಂದು ಹೈಸ್ಕೂಲಿನ ಅಂಗಳದಲ್ಲಿ. ವೈಯಾಲಿಕಾವಲ್‌ನ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿ ಯಾಕಿದೆ ಅಂತ ಕೇಳಿದರೆ ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಕಥೆ ಶುರುವಾಗುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ದನಿ ದೂರ ಮುಟ್ಟಿಸಲು ಅವರು ತಂತಿ ಹೆಚ್ಚಿಸಿಕೊಂಡಿದ್ದರು. ಬೆಂಗಳೂರು ನಾಗರತ್ನಮ್ಮ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು, ಅಲ್ಲಿ ಹೆಂಗಸರೂ ಹಾಡಬೇಕು ಅಂತ ಹೋರಾಡಿದರು. ಈ ಊರಿನ ಹೆಸರು 1952ರಲ್ಲಿ ತೀರಿಕೊಳ್ಳುವ ತನಕ ಅವರ ಹೆಸರಿನ ಮುಂದೆಯೇ ಇತ್ತು. ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಸಂಗೀತ ಮ್ಯೂಸಿಯಂ ಇದೆ, ಹೊರಗಿನ ತೋಟದಲ್ಲಿ ಮಕ್ಕಳು ಮುಟ್ಟಿ, ಬಡಿದು ನುಡಿಸುವ ಕಲ್ಲು ಲೋಹಗಳಿವೆ. ಕರಗದ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಕಾಟನ್‌ಪೇಟೆಯ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವ ಮೆರವಣಿಗೆಯ ಸದ್ದನ್ನು ಒಂದು ಮಗು ರೆಕಾರ್ಡ್ ಮಾಡಿ ತಂದರೆ ಅದರ ಮೇಲೆ ಒಂದು ವಾರ ಪಾಠ ಮಾಡಬಹುದು. ನಾಡಗೀತೆಯೂ ಸಂಗೀತದ ಪಾಠವೇ. ಅದೇ ಸಾಹಿತ್ಯಕ್ಕೆ ಮೈಸೂರು ಅನಂತಸ್ವಾಮಿ ಅವರ ಧಾಟಿ ಒಂದು, ಸಿ. ಅಶ್ವತ್ಥ್ ಅವರದ್ದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತುಮಾಡಿತು. ಅದು ಹೈಕೋರ್ಟ್ ಮೆಟ್ಟಿಲೇರಿತು, 2024ರಲ್ಲಿ ಕೋರ್ಟ್ ಆದೇಶ ಎತ್ತಿಹಿಡಿಯಿತು. ಪ್ರಾರ್ಥನೆಗೆ ಹಾಡುವುದು ಒಂದೇ ಧಾಟಿಯಾದರೂ, ಕ್ಲಾಸಿನಲ್ಲಿ ಎರಡನ್ನೂ ಕೇಳಿಸಿ, ಏನು ಬದಲಾಯಿತು ಅಂತ ಕೇಳಿ ನೋಡಿ.

ಹಾಗಾದರೆ ಸರಳೆ ವರಸೆ ಬಿಡಬೇಕಾ? ಬಿಡಬೇಕಿಲ್ಲ. ನಾನೇ ಅದರಲ್ಲಿ ಬೆಳೆದವಳು. ಆ ಪಾಠಕ್ರಮ ಹಾಕಿಕೊಟ್ಟವರು ಅಂತ ನಾವು ನೆನೆಯುವ ಪುರಂದರದಾಸರು ಕನ್ನಡದ ಆಡುಮಾತಿನಲ್ಲೇ ಹಾಡು ಕಟ್ಟಿದವರು. ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಕಟ್ಟುವ ಮಕ್ಕಳಿಗೆ ಅದು ಬೇಕು. ಖಾಸಗಿ ಶಾಲೆಗಳಲ್ಲಿ ಲಂಡನ್‌ನಿಂದ ನಡೆಯುವ ಕೀಬೋರ್ಡ್ ಗ್ರೇಡ್ ಪರೀಕ್ಷೆಗೆ ಕೂರುವವರಿಗೆ ಅದೂ ಇರಲಿ. ಆದರೆ ವಾರಕ್ಕೆ ಒಂದೇ ಪೀರಿಯಡ್ ಸಿಗುವ, ಮನೆಪಾಠ ಇಲ್ಲದ ಮಗುವಿಗೆ ವರ್ಷವೆಲ್ಲ ಆರೋಹಣ ಅವರೋಹಣ ಹೇಳಿಸಿದರೆ ಅದು ಸಂಗೀತ ನನ್ನದಲ್ಲ ಅಂದುಕೊಂಡು ಹೊರಗೆ ಹೋಗುತ್ತದೆ.

ನಿಜವಾದ ಅಡ್ಡಿಗಳು ಬೇರೆ ಇವೆ. ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಸಂಗೀತಕ್ಕೆ ಅಂತ ಶಿಕ್ಷಕರೇ ಇಲ್ಲ. ಹಾಡಲು ಬರುವ ಕನ್ನಡ ಟೀಚರೋ ವಿಜ್ಞಾನ ಟೀಚರೋ ಪ್ರಾರ್ಥನೆ, ಸ್ಪರ್ಧೆ ನೋಡಿಕೊಳ್ಳುತ್ತಾರೆ. ಇದ್ದ ಕಡೆಯೂ ಜನವರಿ ಬಂತೆಂದರೆ ಹತ್ತನೇ ಕ್ಲಾಸಿನ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆಯಿಂದ ಕವ್ವಾಲಿವರೆಗೆ ಎಲ್ಲವೂ ಇವೆ, ಅದು ದೊಡ್ಡ ಮಾತು. ಆದರೆ ಸ್ಪರ್ಧೆಗೆ ಹೋಗುವುದು ಮೂರು ನಾಲ್ಕು ಮಕ್ಕಳು, ಕ್ಲಾಸಿನಲ್ಲಿ ಕೂರುವುದು ನಲವತ್ತು. ಸಂಗೀತ ಗೊತ್ತಿಲ್ಲದ ಟೀಚರ್‌ಗೂ ಈ ಕೆಲಸ ಆಗುತ್ತದೆ ಅನ್ನುವುದೇ ನನಗೆ ಧೈರ್ಯ ಕೊಡುವ ವಿಷಯ. ಮಕ್ಕಳು ತಂದ ಹಾಡು ಕೇಳಿಸಲು, ಪ್ರಶ್ನೆ ಕೇಳಲು, ಭಾಮಿನಿಗೆ ಕೈ ತಟ್ಟಿಸಲು ಸಂಗೀತದ ವಿದ್ವತ್ ಪರೀಕ್ಷೆ ಪಾಸಾಗಬೇಕಿಲ್ಲ.

ಹಕ್ಕಿನ ವಿಷಯ ತುಂಬಾ ಟೀಚರ್‌ಗಳು ಕೇಳುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಪಾಠದ ಸಲುವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಕೃತಿಯನ್ನು ಬಳಸಬಹುದು. ಶಿಕ್ಷಕರು, ಮಕ್ಕಳು, ಪೋಷಕರಷ್ಟೇ ನೋಡುವ ಶಾಲಾ ಕಾರ್ಯಕ್ರಮದಲ್ಲಿ ಹಾಡಬಹುದು. ಅದೇ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿದರೆ ಮಾತು ಬೇರೆ, ಧ್ವನಿಮುದ್ರಣದ ಒಡೆಯರು ಆಕ್ಷೇಪಿಸಬಹುದು. ಮನೆಯ ಅಜ್ಜಿ ಹಾಡಿದ್ದಕ್ಕೆ ಕಾಯ್ದೆ ಏನು ಹೇಳುತ್ತದೆ ಅನ್ನುವುದಕ್ಕಿಂತ ಮೊದಲು ಅಜ್ಜಿ ಏನು ಹೇಳುತ್ತಾರೆ ಅಂತ ಕೇಳಬೇಕು. ನಮ್ಮ ಶಾಲೆಯ ರೆಕಾರ್ಡಿಂಗ್‌ಗಳು ಒಂದು ಪೆನ್‌ಡ್ರೈವ್‌ನಲ್ಲಿವೆ, ಶಾಲೆಯ ಹೊರಗೆ ಹೋಗುವುದಿಲ್ಲ. ಪ್ರತಿಯೊಂದರ ಜೊತೆ ಹಾಡಿದವರ ಹೆಸರು, ಊರು, ಯಾರ ಮನೆಯವರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳ ಅಕ್ಷರದಲ್ಲೇ ಬರೆದಿದೆ.

ಅದರಲ್ಲಿ ಒಂದು ಹಾಡಿನ ಮುಂದೆ ಇನ್ನೂ ಖಾಲಿ ಇದೆ. ಲಂಬಾಣಿ ಹುಡುಗಿ ತಂದದ್ದು, ಅವಳ ಅಜ್ಜಿ ಹಾಡಿದ್ದು. ನಡುವೆ ನಾಲ್ಕು ಸಾಲಿನ ಅರ್ಥ ಅವಳಿಗೂ ಗೊತ್ತಿಲ್ಲ, ಅವಳ ಅಮ್ಮನಿಗೂ ಗೊತ್ತಿಲ್ಲ. ಅಜ್ಜಿ ಈಗ ತಾಂಡಾಕ್ಕೆ ಹೋಗಿದ್ದಾರೆ, ದೀಪಾವಳಿ ಕಳೆದ ಮೇಲೆ ಬರುತ್ತಾರಂತೆ. ಬಂದ ಮೇಲೆ ಕ್ಲಾಸಿಗೇ ಕರೆದುಕೊಂಡು ಬರುತ್ತೇನೆ ಅಂದಿದ್ದಾಳೆ.